ಮುಷ್ಟಿಯೊಳಗಿನ ಬಿರುದು

ನಾನು ಹುಟ್ಟಿದಾಗ ನನ್ನ ಎಡಗೈ ಮುಷ್ಟಿ ಬಿಡಿಸಲು ಸೂಲಗಿತ್ತಿಗೆ ಸಾಕುಸಾಕಾಯಿತಂತೆ. ನಮ್ಮೂರಿನ ಎಲ್ಲ ಕೂಸುಗಳ ಹಾಗೆ ನಾನೂ ಬಿಲ್ಲೆ ಹಿಡಿದುಕೊಂಡೇ ಬಂದಿದ್ದೆ. ಅವಳು ಬೆಚ್ಚಗಿನ ನೀರಿನಲ್ಲಿ ನನ್ನ ಕೈ ಅದ್ದಿ, ಒಂದೊಂದೇ ಬೆರಳು ಸಡಿಲಿಸಿ, ಆ ಬೆಳ್ಳಿಯ ಚೂರನ್ನು ಹೊರಗೆ ತೆಗೆದು, ಸೆರಗಿನಲ್ಲಿ ಒರೆಸಿ ಅವ್ವನ ಹಣೆಗೆ ಮುಟ್ಟಿಸಿದಳಂತೆ. ಒಂದು ಮಗ್ಗುಲಿಗೆ ಗಡ್ಡದ ಅರಸನ ಮುಖ. ಇನ್ನೊಂದು ಮಗ್ಗುಲಿಗೆ ಬಿಲ್ಲು ಹಿಡಿದು ಕೂತವನೊಬ್ಬ, ಅವನ ನಾಲ್ಕೂ ಕಡೆ ಗೋಡೆ ಕಟ್ಟಿದ ಹಾಗೆ ಯವನರ ಅಕ್ಷರ. ಬಿಲ್ಲಿನವನಿದ್ದುದಕ್ಕೇ ಅದು ಬಿಲ್ಲೆಯಾಯಿತು ಎಂದು ನಮ್ಮೂರವರು ಹೇಳುತ್ತಾರೆ. ನಿಜವೋ ಸುಳ್ಳೋ, ಕೇಳಿದವರಿಲ್ಲ.

ಬಿಲ್ಲೆಯ ಮೇಲಿನ ಮುಖಗಳು ಬೇರೆಬೇರೆ ಇದ್ದರೂ ಅರಸನ ಹೆಸರು ಮಾತ್ರ ಎಲ್ಲದರಲ್ಲೂ ಒಂದೇ, ಅರ್ಸಕ. ಎಲ್ಲರದೂ ಅದೇ ಆದಮೇಲೆ ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನಮಗೆ ಮುಖ್ಯವಾದದ್ದು ಹೆಸರಿನ ಸುತ್ತ ಕೂತ ಬಿರುದುಗಳು. ಅವುಗಳಲ್ಲೂ ಬಹಳಷ್ಟು ಯಾರದೋ ಹೆಬ್ಬೆರಳು ತಿಕ್ಕಿ ಹಾಕಿದ ಹಾಗೆ ಸವೆದಿರುತ್ತಿದ್ದವು. ಒಂದು ಬಿಲ್ಲೆಯಲ್ಲಿ ಒಂದೇ ಬಿರುದು ಓದಲು ಬರುತ್ತಿತ್ತು, ಅದೇ ಆ ಕೂಸಿನದು. ಅದರಂತೆ ಬಾಳಿದವರ ಬಿಲ್ಲೆ ಕೊರಳಲ್ಲಿ ಬೆಳ್ಳಗೆ ಹೊಳೆಯುತ್ತದೆ, ಬಾಳದವರದು ಕರ್ರಗಾಗುತ್ತದೆ ಎಂದು ನಂಬಿಕೆ.

ನ್ಯಾಯವಂತೆ ಎಂದು ಓದಿಸಿಕೊಂಡ ಹುಡುಗಿಯೊಬ್ಬಳನ್ನು ಹಲ್ಲು ಬೀಳುವ ವಯಸ್ಸಿನಲ್ಲೇ ಹೊಲದ ಬದುವಿನ ಜಗಳಕ್ಕೆ ಎತ್ತಿಕೊಂಡು ಹೋಗಿ ಕಲ್ಲಿನ ಮೇಲೆ ಕೂಡಿಸುತ್ತಿದ್ದರು. ನಿದ್ದೆ ಬಂದು ಅವಳು ಯಾವ ಕಡೆ ವಾಲುತ್ತಾಳೋ ಆ ಕಡೆಯವರದು ಹೊಲ. ಉಪಕಾರಿ ಎನ್ನಿಸಿಕೊಂಡವರ ಮನೆಯಲ್ಲಿ ಹಾರೆ, ಏಣಿ, ಒಳಕಲ್ಲಿನ ಗುಂಡು ಯಾವುದೂ ನಿಲ್ಲುತ್ತಿರಲಿಲ್ಲ. ಪ್ರತ್ಯಕ್ಷದೇವರು ಎಂಬ ಬಿರುದಿನ ಬಡಿಗ ಯಾರು ಕೂಗಿದರೂ ಬಂದು ಎದುರಿಗೆ ನಿಲ್ಲಬೇಕು. ಪಾಪ, ಉಣ್ಣುವ ಹೊತ್ತಿನಲ್ಲಿ ಕರೆದರೂ ಕೈ ತೊಳೆದು ಎದ್ದು ಬರುತ್ತಿದ್ದ. ಹೀಗೆ ಎಲ್ಲರೂ ಗೊಣಗಿಕೊಂಡೋ ನಕ್ಕೋ ತಮ್ಮ ತಮ್ಮ ಬಿರುದಿಗೆ ಒಗ್ಗಿಕೊಂಡಿದ್ದರು.

ನನ್ನ ತೊಟ್ಟಿಲ ದಿನ ಬಿಲ್ಲೆ ಓದಿದವನು ನಿಂಗಜ್ಜ. ಬಿರುದು ಓದುವ ಕೆಲಸ ಅವನ ಮನೆತನದ್ದು. ಆ ಅಕ್ಷರಗಳ ಗುರುತು, ಒಂದೊಂದು ಬಿರುದಿನ ಅರ್ಥ ಅವರಿಗೆ ಬಾಯಿಪಾಠ. ಭಾಷೆ ಮಾತ್ರ ಅವರಿಗೂ ಗೊತ್ತಿರಲಿಲ್ಲ.

“ಫಿಲದೆಲ್ಫೂ. ಸೋದರಪ್ರಿಯೆ. ಒಡಹುಟ್ಟಿದವರ ಮ್ಯಾಲ ಜೀವಾ ಇಟ್ಟಾಕಿ,” ಎಂದು ನಿಂಗಜ್ಜ ಹೇಳಿದನಂತೆ.

ಅವ್ವ ಹಿಗ್ಗಿ ಹೀರೇಕಾಯಿಯಾದಳು. ನಾನು ಚೊಚ್ಚಲು. ನನಗೆ ಇಂಥ ಬಿರುದು ಬಂದಿದೆಯೆಂದರೆ ಹಿಂದೆಯೇ ಇನ್ನೊಂದು ಬರುತ್ತದೆ ಎಂದೇ ಅರ್ಥವಲ್ಲವೇ? ತೊಟ್ಟಿಲನ್ನು ಅಟ್ಟಕ್ಕೆ ಏರಿಸಲೇ ಇಲ್ಲ. ಆದರೆ ಆಮೇಲೆ ನಿಂತ ಬಸಿರು ಒಂದೂ ತಿಂಗಳು ತುಂಬಲಿಲ್ಲ. ಅಪ್ಪ ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಮೇಲೆ ಆ ಆಸೆಯೂ ಮುಗಿಯಿತು. ನಾನು ಒಬ್ಬಳೇ ಉಳಿದೆ, ಯಾರನ್ನು ಪ್ರೀತಿಸಬೇಕೋ ಅವರಿಲ್ಲದೆ.

ನಮ್ಮದು ನೂಲಿಗೆ ನೀಲಿ ಹಾಕುವ ಮನೆ. ಹಿತ್ತಲಲ್ಲಿ ಬಣ್ಣದ ಬಾನಿಗಳು. ಅವ್ವನ ಕೈ, ನನ್ನ ಕೈ ಮೊಣಕೈವರೆಗೆ ನೀಲಿ. ನನ್ನ ಬಿಲ್ಲೆ ಚಿಕ್ಕಂದಿನಲ್ಲೇ ಕಪ್ಪಾಗಲು ಶುರುವಾಯಿತು. ಶುಕ್ರವಾರ ಬಂದರೆ ಅವ್ವ ನನ್ನನ್ನು ಮುಂದೆ ಕೂಡಿಸಿಕೊಂಡು ಹುಣಸೆಹಣ್ಣು, ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದಳು. “ನಿನ್ನ ತಪ್ಪಲ್ಲ ಮಗಳ. ನಾ ಹಡೀಲಿಲ್ಲ,” ಎನ್ನುತ್ತಿದ್ದಳು. ನಾನು ಗೋಡೆಯ ಕಡೆ ನೋಡುತ್ತ ಇಲ್ಲದ ತಮ್ಮನಿಗೆ ಒಂದೊಂದು ಹೆಸರಿಡುತ್ತಿದ್ದೆ.

ನಮ್ಮ ಗೋಡೆಗೆ ಗೋಡೆ ಹತ್ತಿದ್ದದ್ದು ಗಾಣದವರ ಮನೆ. ಅವರ ಮಗ ಗುರುಪಾದ ನನಗಿಂತ ಕೊಂಚ ದೊಡ್ಡವನು. ಅವನ ತೊಟ್ಟಿಲಲ್ಲಿ ನಿಂಗಜ್ಜ ಓದಿದ್ದು ಯವನಪ್ರಿಯ ಎಂದು. ಅವನ ಅಪ್ಪ ಕೈಮುಗಿದು, “ಯವನರಂದ್ರ ಯಾರ್ರಿ ಅಜ್ಜಾರ?” ಎಂದು ಕೇಳಿದ್ದಕ್ಕೆ ನಿಂಗಜ್ಜ, “ಈ ಅಕ್ಷರ ಬರದವ್ರು,” ಎಂದಷ್ಟೇ ಹೇಳಿದ್ದ. ಅವರು ಎಲ್ಲಿದ್ದಾರೆ, ಹೇಗಿದ್ದಾರೆ, ಕಂಡವರಿರಲಿಲ್ಲ. ಹಳೆಯ ವೈದ್ಯರ ಮಾತಿನಲ್ಲಿ ಯವನಪ್ರಿಯ ಎಂದರೆ ಕರಿಮೆಣಸು. ಯವನರಿಗೆ ಅದೆಂದರೆ ಪ್ರಾಣವಂತೆ. ಅದನ್ನು ತಿಳಿದ ಓಣಿಯ ಹುಡುಗರು ಗುರುಪಾದನನ್ನು “ಮೆಣಸಿನಕಾಳ” ಎಂದು ಕಾಡುತ್ತಿದ್ದರು. ಅವನು ನಗುತ್ತಿದ್ದ. ಆದರೆ ಗಾಣದ ಎತ್ತು ಸುತ್ತುತ್ತಿರುವಾಗ ಅವನ ಕಣ್ಣು ಮಾತ್ರ ಹೆದ್ದಾರಿಯ ಕಡೆಗೇ ಇರುತ್ತಿತ್ತು.

ನಿಂಗಜ್ಜನಿಗೆ ಮಕ್ಕಳಿರಲಿಲ್ಲ. ಕಣ್ಣು ಮಂಜಾದ ಮೇಲೆ ಅಕ್ಷರ ಕಲಿಸಲು ನನ್ನನ್ನು ಆರಿಸಿಕೊಂಡ. ಮಧ್ಯಾಹ್ನ ಅವನ ಜಗುಲಿಯ ಮೇಲೆ ಕೂತು ನಾನು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದೆ. ಗುರುಪಾದ ಎಣ್ಣೆ ಕೊಡುವ ನೆವದಿಂದ ಬಂದು ನನ್ನ ಪಕ್ಕ ಕೂರುತ್ತಿದ್ದ. “ಈ ಬಳ್ಳಿಯಂಥಾದ್ದು ಯಾವುದು? ಈ ಬಾಗಿಲದಂಥಾದ್ದು?” ಎಂದು ಕೇಳುತ್ತಿದ್ದ. ಅವನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಓದಲು ನಾನು ಅವನ ಕೊರಳ ಹತ್ತಿರ ಬಾಗಬೇಕಾಗುತ್ತಿತ್ತು. ಹಿಂಡಿಯ ವಾಸನೆ, ಬೆವರಿನ ವಾಸನೆ. ಓದಿ ಮುಗಿದಿದ್ದರೂ ಇನ್ನೊಮ್ಮೆ ಓದುತ್ತಿದ್ದೆ.

ಊರಿಗೆ ಊರೇ ಅವನನ್ನು ಗುರುಪಾದಣ್ಣ ಎನ್ನುತ್ತಿತ್ತು. ನಮ್ಮಲ್ಲಿ ಗಂಡಸಿನ ಹೆಸರಿಗೆ ಅಣ್ಣ ಹಚ್ಚದೆ ಕರೆಯುವುದು ಜಗಳಗಂಟರು ಮಾತ್ರ. ಹೆಂಡತಿಯಾದವಳು ಗಂಡನ ಹೆಸರನ್ನೇ ಹೇಳುವುದಿಲ್ಲ. ನಾನು ಅವನನ್ನು ಏನೂ ಕರೆಯುತ್ತಿರಲಿಲ್ಲ. “ಇಲ್ಲೆ ಕೇಳು,” “ನೋಡಿಲ್ಲೆ” ಎಂದು ಹೇಗೋ ಸಾಗಿಸುತ್ತಿದ್ದೆ. ಇದು ಅವ್ವನ ಕಿವಿಗೆ ಬೀಳಲಿಲ್ಲವೋ, ಬಿದ್ದರೂ ಬೇಡವಾಗಿತ್ತೋ. ಒಂದು ಶುಕ್ರವಾರ ಬಿಲ್ಲೆ ತಿಕ್ಕುತ್ತ ಅವಳು ಥಟ್ಟನೆ ನಿಲ್ಲಿಸಿ, “ಎಂಥಾ ಹುಚ್ಚಿ ನಾನು. ಬಗಲಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದಂಗಾತು,” ಎಂದಳು.

ಅಂದೇ ಗಾಣದವರ ಮನೆಗೆ ಹೋಗಿ ಮಾತಾಡಿ ಬಂದಳು. ಓಣಿಯಲ್ಲೆಲ್ಲ ಹೇಳಿದಳು. ಪಂಚಮಿ ನಮ್ಮಲ್ಲಿ ಅಣ್ಣತಂಗಿಯರ ಹಬ್ಬ. ಆ ದಿನ ತಂಗಿಯಾದವಳು ಅಣ್ಣನ ಬೆನ್ನಿಗೆ ಹಾಲೆರೆದು, ಬೆನ್ನು ತಣ್ಣಗಿರಲಿ, ತವರು ತಣ್ಣಗಿರಲಿ ಎಂದು ಹರಸುತ್ತಾಳೆ. ಈ ಪಂಚಮಿಗೆ ನನ್ನ ಮಗಳು ಶಾಂಭವಿ ಗುರುಪಾದಣ್ಣನ ಬೆನ್ನಿಗೆ ಹಾಲು ಎರೆಯುತ್ತಾಳೆ, ಅವನು ಇವಳ ಅಣ್ಣನಾಗುತ್ತಾನೆ, ಇವಳ ಬಿರುದು ನೆಲೆಗೆ ನಿಲ್ಲುತ್ತದೆ ಎಂದು ಅವ್ವ ಎಲ್ಲರ ಮುಂದೆ ಅರಳಿದ ಮುಖದಿಂದ ಹೇಳುತ್ತ ತಿರುಗಿದಳು. ಅಪ್ಪ ಹೋದಮೇಲೆ ಅವಳ ಮುಖ ಹಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

ಹಬ್ಬದ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಓಣಿಯ ಹೆಂಗಸರು ನೆರೆದರು. ಗುರುಪಾದ ಅಂಗಿ ಕಳೆದು ಮಣೆಯ ಮೇಲೆ ಮೂಡಲಕ್ಕೆ ಮುಖ ಮಾಡಿ ಕೂತ. ಗಾಣ ನೂಕಿ ಗಟ್ಟಿಯಾದ ಬೆನ್ನು. ತಲೆಗೆ ಎರೆದುಕೊಂಡು ಬಂದಿದ್ದ, ಕುತ್ತಿಗೆಯ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಅವ್ವ ನನ್ನ ಕೈಗೆ ಹಾಲಿನ ಬಟ್ಟಲು ಕೊಟ್ಟಳು. “ಅನ್ನವ್ವಾ, ಅಣ್ಣನ ಬೆನ್ನು ತಣ್ಣಗಿರಲಿ ಅನ್ನು.” ನಾನು ಬಟ್ಟಲು ಎತ್ತಿದೆ. ಎಷ್ಟು ಹೊತ್ತು ಎತ್ತಿ ಹಿಡಿದಿದ್ದೆನೋ. ಯಾರೋ ಕೆಮ್ಮಿದರು. ಅವನು ತಿರುಗಿ ನೋಡಲಿಲ್ಲ, ಕಾದ. ನಾನು ಬಟ್ಟಲನ್ನು ಮಣೆಯ ಪಕ್ಕಕ್ಕೆ ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅವ್ವ ನನ್ನನ್ನು ಬೈಯಲಿಲ್ಲ. ಒಲೆಯ ಮುಂದೆ ಕೂತುಬಿಟ್ಟಳು. ಹಬ್ಬಕ್ಕೆಂದು ಕಟ್ಟಿದ ಉಂಡಿಗಳು ಡಬ್ಬಿಯಲ್ಲೇ ಉಳಿದವು.

ಎರಡು ದಿನ ಬಿಟ್ಟು ಗುರುಪಾದ ಹಿತ್ತಲಿಗೆ ಬಂದ. ನಾನು ಬಾನಿಯಿಂದ ನೂಲಿನ ಲಡಿ ಎತ್ತಿ ಹಿಂಡುತ್ತಿದ್ದೆ.

“ಹಾಲು ಯಾಕ ಎರೀಲಿಲ್ಲ?” ಎಂದ.

ನಾನು ಇನ್ನೊಂದು ಲಡಿ ಎತ್ತಿದೆ.

“ನನ್ನ ಮ್ಯಾಲ ಸಿಟ್ಟೇನು?”

“ಇಲ್ಲ.”

“ನೋಡು ಶಾಂಭವಿ, ನನ್ನ ಬಿರುದಿಗೆ ಈ ಊರಾಗ ನೆಲಿ ಇಲ್ಲ. ನಿನ್ನ ಬಿರುದಿಗರೆ ಉಪಯೋಗ ಆಗ್ತೀನಿ ಅಂತ ಬಂದು ಕುಂತಿದ್ದೆ. ಈಗೂ ಅಷ್ಟ. ಒಮ್ಮೆ ಅಣ್ಣ ಅನ್ನು, ನಾ ಎಲ್ಲೂ ಹೋಗಂಗಿಲ್ಲ. ಇಲ್ಲಂದ್ರ ಮೆಣಸಿನ ಗಾಡಿ ಬಂದಾವ, ಅವ್ರ ಜೋಡಿ ಹೋಗ್ತೀನಿ. ಮೆಣಸು ಎಲ್ಲಿಗೆ ಹೋಗ್ತದೋ ಅಲ್ಲೆ ಯವನರು ಇರ್ತಾರ.”

ಆ ಒಂದು ಮಾತು ಆಡಿದರೆ ಅವನು ಉಳಿಯುತ್ತಿದ್ದ, ಗೋಡೆಯ ಆಚೆ, ದಿನಾ ಕಣ್ಣಿಗೆ ಬೀಳುತ್ತ. ಇನ್ನೊಂದು ಮಾತು ನನ್ನೊಳಗೆ ಇತ್ತು. ಅದನ್ನು ಆಡುವ ಹಾಗಿರಲಿಲ್ಲ. ಊರ ಮುಂದೆ ಅವ್ವ ಯಾರನ್ನು ಅಣ್ಣನೆಂದು ಮಣೆಯ ಮೇಲೆ ಕೂಡಿಸಿದ್ದಳೋ ಅವನನ್ನು ಸೋದರಪ್ರಿಯೆಯ ಬಿಲ್ಲೆ ಹಾಕಿಕೊಂಡ ನಾನೇ ಗಂಡನಾಗು ಎಂದು ಕೇಳಿದರೆ ಅವ್ವ ಜೀವ ಹಿಡಿಯುತ್ತಿರಲಿಲ್ಲ. ಮೇಲಾಗಿ ಅವನ ಕಣ್ಣು ದಾರಿಯ ಮೇಲೆ. ನನಗಾಗಿ ಉಳಿದರೂ ಆ ಕಣ್ಣು ಅಲ್ಲೇ ಇರುತ್ತಿತ್ತು ಎಂದುಕೊಂಡೆ. ನೂಲಿನಿಂದ ನೀಲಿ ನೀರು ಇಬ್ಬರ ಕಾಲ ಮೇಲೂ ಸುರಿಯಿತು.

“ಹುಷಾರಾಗಿ ಹೋಗು,” ಎಂದೆ.

ಅವನಿಗೆ ತಿಳಿಯಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಾಲ ಮೇಲಿನ ನೀಲಿ ಒರೆಸದೆಯೇ ಹೋದ.

ಮೆಣಸಿನ ಗಾಡಿಗಳು ಹೋದಮೇಲೆ ವರ್ಷಗಳು ಹೇಗೆ ಹೋದವು ಎಂದು ಹೇಳಲು ಹೆಚ್ಚೇನಿಲ್ಲ. ಗಾಡಿ ಬಂದಾಗಲೆಲ್ಲ ಗಾಡಿಯವರನ್ನು ಬೇರೇನೋ ಕೇಳುವ ಹಾಗೆ ಮಾಡಿ ಅವನ ಸುದ್ದಿ ಕೇಳುತ್ತಿದ್ದೆ. ಬಂದರದಲ್ಲಿದ್ದಾನೆ ಎಂದರು. ಮೆಣಸು ತೂಗುತ್ತಾನೆ ಎಂದರು. ಯವನರ ಮಾತು ಆಡುತ್ತಾನೆ ಎಂದರು. ನನ್ನನ್ನು ಕೇಳಿಕೊಂಡು ಎರಡು ಮನೆಯವರು ಬಂದರು. ಅವ್ವ ಕಾಲಿಗೆ ಬಿದ್ದು ಕೇಳಿದರೂ ನಾನು ಒಪ್ಪಲಿಲ್ಲ. ನಿಂಗಜ್ಜ ತೀರಿಕೊಂಡ, ಬಿಲ್ಲೆ ಓದುವ ಕೆಲಸ ನನಗೆ ಬಂತು. ಅವ್ವ ಹಾಸಿಗೆ ಹಿಡಿದಾಗಲೂ ಶುಕ್ರವಾರ ನೆನಪಿಟ್ಟು, “ಇಲ್ಲೆ ಬಾ, ತಿಕ್ಕತೀನಿ,” ಎಂದು ಕೈ ಚಾಚುತ್ತಿದ್ದಳು. ಅವಳನ್ನು ಮಣ್ಣು ಮಾಡಿ ಬಂದಮೇಲೆ ನಾನು ಬಿಲ್ಲೆ ತಿಕ್ಕುವುದನ್ನು ಬಿಟ್ಟೆ. ಅದು ಕಲ್ಲಿದ್ದಲ ಹಾಗಾಯಿತು. ಕೂಸುಗಳ ಬಿರುದು ಓದುವಾಗ ಬಾಣಂತಿಯರು ನನ್ನ ಕೊರಳ ಕಡೆ ನೋಡಬಾರದೆಂದು ಸೆರಗು ಹೊದ್ದುಕೊಳ್ಳುತ್ತಿದ್ದೆ.

ಗುರುಪಾದನ ಅಪ್ಪ ಸತ್ತ ಸುದ್ದಿ ಗಾಡಿಯವರ ಕೈಯಲ್ಲಿ ಬಂದರಕ್ಕೆ ಹೋಯಿತು. ಮರುಸಲದ ಗಾಡಿಯಲ್ಲಿ ಅವನೇ ಬಂದ. ಕಿವಿಯ ಮೇಲೆ ಕೂದಲು ನೆರೆತಿತ್ತು. ಅವನ ಹಿಂದೆ ಗಾಡಿಯಿಂದ ಒಬ್ಬ ಹೆಂಗಸು ಇಳಿದಳು, ಎತ್ತರದವಳು, ಮೂಗಿನ ಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಮಚ್ಚೆ. ಊರಿನ ಜನ ಗಾಡಿಯ ಸುತ್ತ ಮುಗಿಬಿದ್ದರು. ಅವಳ ಹೆಸರು ಥಾಲಿಯಾ. ನಮ್ಮ ಹೆಂಗಸರ ನಾಲಿಗೆಯಲ್ಲಿ ಅದು ಸಂಜೆಯೊಳಗೆ ತಾಳೆವ್ವ ಆಯಿತು. ಯವನರವಳು, ಅವನ ಹೆಂಡತಿ. ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಅವನ ಕೊರಳಿನ ಬಿಲ್ಲೆಯನ್ನು. ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. “ಬಿರುದು ಬಾಳಿದಾಂವ ಅಂದ್ರ ಇಂವ ನೋಡ್ರಿ,” ಎಂದರು ಹಿರಿಯರು. ನಾನು ಸೆರಗು ಬಿಗಿಮಾಡಿಕೊಂಡು ಮನೆಗೆ ಬಂದೆ.

ಗಾಣ ಮತ್ತೆ ತಿರುಗತೊಡಗಿತು. ಗೋಡೆಯ ಆಚೆಯಿಂದ ಎರಡು ಭಾಷೆಯ ಮಾತು, ನಗು ಕೇಳಿಸುತ್ತಿದ್ದವು. ಓಣಿಯಲ್ಲಿ ಎದುರಾದರೆ ಅವನು, “ಹೆಂಗಿದ್ದಿ?” ಎನ್ನುತ್ತಿದ್ದ, ನಾನು, “ಇದ್ದೀನಿ,” ಎನ್ನುತ್ತಿದ್ದೆ. ಅವನೂ ನನ್ನ ಹೆಸರು ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಥಾಲಿಯಾ ಒಬ್ಬಳೇ ನಮ್ಮ ಮನೆಗೆ ಬಂದಳು. ಅವನಿಂದ ಕಲಿತ ಕನ್ನಡ, ಅಲ್ಲಲ್ಲಿ ಮುರಿದದ್ದು. “ನೀ ಓದಾಕಿ. ನಾ ಕೇಳಬೇಕು,” ಎಂದಳು. ಬೇಡ ಎನ್ನಲು ಕಾರಣ ಸಿಗಲಿಲ್ಲ. ನನ್ನದನ್ನೇ ಬಿಚ್ಚಿ ಅವಳ ಅಂಗೈಯಲ್ಲಿಟ್ಟು, ಕಪ್ಪಿನ ಕೆಳಗೆ ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಓದಿದೆ. “ಫಿಲದೆಲ್ಫೂ. ಸೋದರಪ್ರಿಯೆ.”

ಅವಳು ಅಲ್ಲ ಎಂಬಂತೆ ತಲೆಯಾಡಿಸಿದಳು. ಕೊನೆಯ ಎರಡು ಅಕ್ಷರಗಳ ಮೇಲೆ ಉಗುರಿಟ್ಟಳು. “ಇದು? ಈ ಊ?”

“ಅದು ಹಂಗ ಇರ್ತದ. ಎಲ್ಲಾದರಾಗೂ ಇರ್ತದ.”

“ಫಿಲದೆಲ್ಫೋಸ್ ಅಂದ್ರ ಅಂವ. ಫಿಲದೆಲ್ಫೂ ಅಂದ್ರ…” ಅವಳು ಮಾತಿಗಾಗಿ ತಡಕಾಡಿದಳು. ಬಾಗಿಲ ಹೊರಗೆ ತೋರಿಸಿದಳು. “ಗುರುಪಾದ. ಗುರುಪಾದನ. ಗುರುಪಾದನ ಚಪ್ಪಲಿ. ಗುರುಪಾದನ ಎತ್ತು. ಸಣ್ಣ ಬಾಲ ಅದ, ನೋಡು. ನಿಮ್ಮ ಮಾತಿನಾಗೂ ಅದ.”

ನನಗೆ ಒಮ್ಮೆಗೇ ಹೊಳೆಯಲಿಲ್ಲ. ಹೊಳೆದಾಗ ಬಾಲ ಸೇರಿಸಿ ಇನ್ನೊಮ್ಮೆ ಓದಿಕೊಂಡೆ. ಸೋದರಪ್ರಿಯೆ ಅಲ್ಲ. ಸೋದರಪ್ರಿಯನ. ಒಡಹುಟ್ಟಿದವರನ್ನು ಪ್ರೀತಿಸುತ್ತಿದ್ದವನು ಯಾವುದೋ ಕಾಲದ ಯಾವುದೋ ಅರಸ. ಬಿಲ್ಲೆ ಅವನದು. ಇದು ಯಾರ ಬೆಳ್ಳಿ ಎಂದಷ್ಟೇ ಅದು ಹೇಳುತ್ತಿತ್ತು. ನಾನು ಯಾರು, ಹೇಗೆ ಬಾಳಬೇಕು ಎಂಬ ಮಾತನ್ನು ಅದು ಎತ್ತಿಯೇ ಇರಲಿಲ್ಲ.

“ಹಂಗಾದ್ರ ಕರ್ರಗ್ಯಾಕ ಆತು?” ಎಂದೆ.

“ಬೆಳ್ಳಿ. ಬೆಳ್ಳಿ ಕರ್ರಗ ಆಗ್ತದ.” ಅವಳು ನನ್ನ ನೀಲಿ ಕೈಗಳನ್ನು ನೋಡಿದಳು. “ಗುರುಪಾದನ ಬಿಲ್ಲೆ ನಾ ದಿನಾ ತಿಕ್ಕತೀನಿ. ಅಂವ ಮಲಗಿದಾಗ.”

ಹೊರಗೆ ಗಾಣದ ಕಿರುಗುಟ್ಟುವ ಸದ್ದು. ಅವಳು ಹೊಸ್ತಿಲ ಕಡೆ ಒಮ್ಮೆ ನೋಡಿ ನನ್ನ ಹತ್ತಿರಕ್ಕೆ ಸರಿದಳು.

“ಅಂವನ ಬಿಲ್ಲೆಗೂ ಬಾಲ ಅದ. ಅಂವಗ ಗೊತ್ತಿಲ್ಲ. ಮಾತು ಕಲಿತಾನ, ಓದೂದು ಕಲೀಲಿಲ್ಲ. ಬಂದರದಾಗ ನನ್ನ ಕೈಯಾಗ ಕೊಟ್ಟು ಓದು ಅಂದ. ನಾ ಬಾಲ ಬಿಟ್ಟು ಓದಿದೆ. ಯವನರನ್ನ ಪ್ರೀತಿ ಮಾಡಾಂವ ಅಂತ ಓದಿದೆ.”

“ಯಾಕ?”

“ಅಂವ ಹೊರಟಿದ್ದ. ಗಂಟು ಕಟ್ಟಿದ್ದ. ಖರೇನೋ ಸುಳ್ಳೋ ಒಮ್ಮೆ ಕೇಳಿ ಹೋಗಬೇಕು ಅಂತ ಬಂದಿದ್ದ.”

“ಎಲ್ಲಿಗೆ ಹೊರಟಿದ್ದ?”

ಅವಳು ನನ್ನ ಮುಖವನ್ನು ಬಿಡದೆ ನೋಡಿದಳು. “ಇಲ್ಲಿಗೆ,” ಎಂದಳು.

ಅವಳಿಗೆ ಎಲ್ಲ ಗೊತ್ತಿತ್ತು, ಅವನು ಹೇಳಿದ್ದನೋ ಹೇಳದೆಯೇ ತಿಳಿದುಕೊಂಡಿದ್ದಳೋ. ತನ್ನ ದೇಶ, ಜನ ಎಲ್ಲ ಬಿಟ್ಟು, ಇವನ ಹಿಂದೆ ಈ ಒಣ ಊರಿಗೆ ಬಂದವಳು, ಅಂಗೈಯಲ್ಲಿ ನನ್ನ ಕಪ್ಪು ಬಿಲ್ಲೆ ಹಿಡಿದುಕೊಂಡು ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದಳು. ಈ ಗುಟ್ಟನ್ನು ನನಗೆ ಹೇಳಬೇಕೆಂದು ಅವಳಿಗೇನೂ ಕಟ್ಟುಪಾಡಿರಲಿಲ್ಲ. ಹೊರಲಾರದೆ ತಂದಿದ್ದಳು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ದಿನಾ ಅವನು ಮಲಗಿದಮೇಲೆ ದೀಪದ ಮುಂದೆ ಕೂತು ಆ ಬಿಲ್ಲೆ ತಿಕ್ಕುವ ಅವಳ ಕೈ ಕಣ್ಣಿಗೆ ಕಟ್ಟಿ, ಅದು ಅವ್ವನ ಕೈಯ ಹಾಗೇ ಕಂಡಿತು.

ಗಾಣ ನಿಂತಿತು. ಗುರುಪಾದ ಎತ್ತು ಬಿಚ್ಚಿ, ಕೈ ಒರೆಸಿಕೊಳ್ಳುತ್ತ ನಮ್ಮ ಹೊಸ್ತಿಲ ಹೊರಗೆ ಬಂದು ನಿಂತ. ಅವನು ಈ ಮನೆಯ ಬಾಗಿಲಿಗೆ ಬಂದದ್ದು ಊರಿಗೆ ಮರಳಿದಮೇಲೆ ಇದೇ ಮೊದಲು.

“ಇಲ್ಲೆ ಕುಂತಿದಿ ಏನು? ಎಲ್ಲಾ ಕಡೆ ಹುಡುಕಿದೆ,” ಎಂದು ಹೆಂಡತಿಗೆ ಹೇಳಿ, ನನ್ನ ಕಡೆ ನೋಡಿ, “ಏನು, ಬಿಲ್ಲೆ ಓದೂದು ನಡದದೇನು? ನಮ್ಮ ಯವನವ್ವ ಏನರೆ ತಪ್ಪು ತೆಗದಳೇನು?” ಎಂದ. ನಗುತ್ತಿದ್ದ. ಹೊಸ್ತಿಲ ಮೇಲೆ ಅವನ ಕೊರಳಿನ ಬಿಲ್ಲೆ ಬಿಸಿಲು ಹಿಡಿದು ನಮ್ಮ ಗೋಡೆಯ ಮೇಲೆಲ್ಲ ಬೆಳಕು ಆಡಿಸುತ್ತಿತ್ತು.

ಥಾಲಿಯಾ ನನ್ನ ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆ ಒಂದು ಬಾಲ. ಹೇಳಿದ್ದರೆ ಅವನು ಮಣೆಯಿಂದ ಎದ್ದು ಹೋದ ದಿನದಿಂದ ಇಲ್ಲಿಯವರೆಗೆ ನಡೆದದ್ದೆಲ್ಲ ಹುಸಿಯಾಗುತ್ತಿತ್ತು. ಅವನಿಗೆ, ಅವಳಿಗೆ, ನನಗೆ.

“ಏನೂ ತಪ್ಪಿಲ್ಲ,” ಎಂದೆ. “ಅತ್ತಿಗಿ ಭಾಳ ಚಲೋ ಓದ್ತಾರ.”

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಥಾಲಿಯಾಗೆ ಆ ಶಬ್ದ ಗೊತ್ತಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಗುರುಪಾದನ ನಗು ನಿಧಾನಕ್ಕೆ ಇಳಿಯಿತು. ಬಾಗಿಲ ಚೌಕಟ್ಟಿನ ಮೇಲೆ ಇಟ್ಟಿದ್ದ ಕೈಯನ್ನು ತೆಗೆದ.

“ಹೌದೇನು ತಂಗಿ,” ಎಂದ.

ಅವರಿಬ್ಬರೂ ಹೋದಮೇಲೆ ನಾನು ಬಾನಿಯ ಹತ್ತಿರ ಹೋಗಿ ಉಳಿದಿದ್ದ ನೂಲನ್ನೆಲ್ಲ ಅದ್ದಿದೆ. ಅಷ್ಟು ಗಾಢ ನೀಲಿ ನಮ್ಮ ಮನೆಯಿಂದ ಯಾವತ್ತೂ ಹೋಗಿರಲಿಲ್ಲ ಎಂದು ನೇಕಾರರು ಆಮೇಲೆ ಹೇಳಿದರು.

ಈಗಲೂ ಬಿಲ್ಲೆ ಓದುತ್ತೇನೆ. ಮೊನ್ನೆ ಕಂಬಳಿ ನೇಯುವವರ ಮನೆಯಲ್ಲಿ ಹೆಣ್ಣು ಹುಟ್ಟಿತು. ಮುಷ್ಟಿ ಬಿಡಿಸಿ ಕೊಟ್ಟರು. ಪಿತೃಪ್ರಿಯೆ ಎಂದು ಎಲ್ಲರಿಗೂ ಕೇಳುವ ಹಾಗೆ ಓದಿದೆ. ದೂರ ದುಡಿಯಲು ಹೋಗಿ ಆರು ತಿಂಗಳಾದರೂ ಬಾರದ ಕೂಸಿನ ಅಪ್ಪನನ್ನು ನೆನೆದು ಬಾಣಂತಿ ಕಣ್ಣು ಒರೆಸಿಕೊಂಡಳು. ಸೋಬಾನೆ ಶುರುವಾಯಿತು. ಆ ಗದ್ದಲದಲ್ಲಿ ನಾನು ತೊಟ್ಟಿಲ ಮೇಲೆ ಬಾಗಿ, ಬಿಟ್ಟು ಓದಿದ ಆ ಬಾಲವನ್ನು ಕೂಸಿನ ಕಿವಿಯಲ್ಲಿ ಹೇಳಿದೆ. ಇದು ಯಾರದೋ, ನಿನ್ನದಲ್ಲ ಎಂದೆ. ಕೂಸು ಖಾಲಿ ಕೈಯನ್ನು ತೆರೆದು, ಮುಚ್ಚಿ, ಮತ್ತೆ ತೆರೆದು, ನನ್ನ ನೀಲಿ ಬೆರಳನ್ನು ಹಿಡಿದುಕೊಂಡಿತು.